ಹೊಸ ವಿಮಾನದ ಬಗ್ಗೆ ಪೈಲಟ್ ಹೇಳಿದ ಮಾತನ್ನು ತೂಗಿ ನೋಡುವುದು ಹೇಗೆ

ಪಿಯುಸಿ ಫಲಿತಾಂಶ ಬಂದ ಮೇಲೆ ಬಳ್ಳಾರಿಯ ನನ್ನ ಮನೆಗೆ ಪ್ರತಿ ವರ್ಷ ಎರಡು ಮೂರು ಕುಟುಂಬಗಳಾದರೂ ಒಂದೇ ವಿಚಾರ ಹೊತ್ತು ಬರುತ್ತವೆ. ಮಗನಿಗೋ ಮಗಳಿಗೋ ಪೈಲಟ್ ಆಗುವ ಆಸೆ ಇರುತ್ತದೆ, ಸಿಂಧನೂರಿನಲ್ಲಿರುವ ಭತ್ತದ ಗದ್ದೆಯನ್ನು ಅಡವಿಟ್ಟಾದರೂ ಸಾಲ ತೆಗೆಯಲು ತಂದೆ ಸಿದ್ಧರಿರುತ್ತಾರೆ, ಅಷ್ಟರಲ್ಲಿ ಪರಿಚಯದ ಪೈಲಟ್ ಒಬ್ಬರು "ಈಗ ಬರುತ್ತಿರುವ ಹೊಸ ವಿಮಾನಗಳು ಹಳೆಯವುಗಳಂತಲ್ಲ" ಎಂದದ್ದು ಕಿವಿಗೆ ಬಿದ್ದು ಇಡೀ ಮನೆ ಅಳುಕಿರುತ್ತದೆ. ಮೂವತ್ತು ವರ್ಷ ಭೌತಶಾಸ್ತ್ರ ಕಲಿಸಿದ ನನಗೆ ವಿಮಾನ ಹಾರಿಸಲು ಬಾರದು. ಆದರೆ ನನ್ನಲ್ಲಿ ಓದಿದ ಕೆಲವರು ಈಗ ವಿಮಾನ ಕಂಪನಿಗಳಲ್ಲಿ ಕೆಲಸದಲ್ಲಿದ್ದಾರೆ. ರಜೆಗೆ ಊರಿಗೆ ಬಂದಾಗ ಅವರೊಡನೆ ಗಂಟೆಗಟ್ಟಲೆ ಮಾತನಾಡಿ, ಅವರ ಮಾತನ್ನು ಹೇಗೆ ಕೇಳಬೇಕೆಂಬುದನ್ನು ನಾನು ನಿಧಾನವಾಗಿ ಕಲಿತಿದ್ದೇನೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಪೈಲಟ್ ಹೇಳಿದ್ದನ್ನು ಇಡಿಯಾಗಿ ನಂಬಿಬಿಡಬಾರದು, ಇಡಿಯಾಗಿ ತಳ್ಳಿಹಾಕಲೂಬಾರದು. ಅದನ್ನು ಬಿಡಿಸಿ ನೋಡಬೇಕು. ಅವರು ಇದಕ್ಕೆ ಮೊದಲು ಯಾವ ವಿಮಾನ ಹಾರಿಸುತ್ತಿದ್ದರು, ಈಗ ದೂರುತ್ತಿರುವುದು ವಿಮಾನದ ಯಾವ ಭಾಗವನ್ನು, ಆ ದೂರು ಯಾವ ವರ್ಷದ್ದು ಎಂಬ ಮೂರು ಸಂಗತಿ ತಿಳಿಯುವ ತನಕ ಯಾವ ತೀರ್ಮಾನಕ್ಕೂ ಬರಬೇಡಿ.

ಮೊದಲು ಹೆಸರುಗಳನ್ನು ಗಟ್ಟಿ ಮಾಡಿಕೊಳ್ಳಿ

ಆಸನಗಳ ಸಾಲಿನ ನಡುವೆ ಒಂದೇ ಓಡಾಟದ ದಾರಿ ಇರುವ ಜೆಟ್ ವಿಮಾನಗಳಿಗೆ ವೃತ್ತಿಯವರು ನ್ಯಾರೋಬಾಡಿ ಎನ್ನುತ್ತಾರೆ. ನಮ್ಮ ದೇಶದೊಳಗೆ ಹಾರುವ ಜೆಟ್‌ಗಳಲ್ಲಿ ಬಹುಪಾಲು ಇವೇ. ಇವುಗಳಲ್ಲಿ ಎರಡು ದೊಡ್ಡ ಮನೆತನಗಳಿವೆ. ಏರ್‌ಬಸ್‌ನ ಎ320 ಮನೆತನದ ಹಳೆಯ ಪೀಳಿಗೆಯನ್ನು ಈಗ ಸಿಇಒ ಎಂದೂ ಹೊಸ ಎಂಜಿನ್ ಹೊತ್ತು ಬಂದ ಪೀಳಿಗೆಯನ್ನು ನಿಯೋ ಎಂದೂ ಕರೆಯುತ್ತಾರೆ. 2016ರ ಜನವರಿಯಲ್ಲಿ ಜರ್ಮನಿಯ ಲುಫ್ತಾನ್ಸಾ ಮೊದಲ ನಿಯೋ ಪಡೆಯಿತು, ಅದೇ ವರ್ಷದ ಮಾರ್ಚ್‌ನಲ್ಲಿ ಇಂಡಿಗೋ ಅದನ್ನು ಭಾರತಕ್ಕೆ ತಂದಿತು. ಬೋಯಿಂಗ್‌ನ 737 ಮನೆತನದಲ್ಲಿ 737-800 ಮತ್ತು ಅದರ ಒಡಹುಟ್ಟುಗಳು ಎನ್‌ಜಿ ಪೀಳಿಗೆಯವು. ಅವುಗಳ ಜಾಗಕ್ಕೆ ಬಂದ ಮ್ಯಾಕ್ಸ್ 2017ರ ಮೇ ತಿಂಗಳಲ್ಲಿ ಪ್ರಯಾಣಿಕರನ್ನು ಹೊರಲು ಆರಂಭಿಸಿತು. ಏರ್ ಇಂಡಿಯಾ 2023ರ ಫೆಬ್ರುವರಿಯಲ್ಲಿ ಪ್ರಕಟಿಸಿದ 470 ವಿಮಾನಗಳ ಖರೀದಿಯಲ್ಲಿ 210 ಎ320ನಿಯೋ ಮನೆತನದವು, 190 ಮ್ಯಾಕ್ಸ್. ಅದೇ ವರ್ಷದ ಜೂನ್‌ನಲ್ಲಿ ಇಂಡಿಗೋ ಎ320 ಮನೆತನದ 500 ವಿಮಾನಗಳಿಗೆ ಬೇಡಿಕೆ ಇಟ್ಟಿತು. ಇಂದು ಪಿಯುಸಿ ಮುಗಿಸಿ ಜೆಟ್ ಹಾರಿಸಲು ಹೊರಡುವ ಹುಡುಗ ಹುಡುಗಿಯರಲ್ಲಿ ಹೆಚ್ಚಿನವರು ಕೂರುವುದು ಇವೆರಡರಲ್ಲಿ ಒಂದರ ಕಾಕ್‌ಪಿಟ್‌ನಲ್ಲಿ.

ವಿದ್ಯಾನಗರದ ನಿಲ್ದಾಣದಲ್ಲಿ ರೆಕ್ಕೆಗೆ ಪ್ರೊಪೆಲ್ಲರ್ ಇರುವ ಎಟಿಆರ್ 72 ವಿಮಾನವನ್ನು ನಮ್ಮವರಲ್ಲಿ ಹಲವರು ಹತ್ತಿದ್ದಾರೆ. ನ್ಯಾರೋಬಾಡಿ ಜೆಟ್‌ಗಳನ್ನು ಹತ್ತಿರದಿಂದ ನೋಡಲು ಹುಬ್ಬಳ್ಳಿಗೋ ಹೈದರಾಬಾದಿಗೋ ಬೆಂಗಳೂರಿಗೋ ಹೋಗಬೇಕು. ಹೋದಾಗ ಎಂಜಿನ್ನಿನ ಮೇಲೆ ಕಣ್ಣಿಡಿ. ಎ320ಯ ಹಳೆಯ ಸಿಎಫ್‌ಎಂ56 ಎಂಜಿನ್ನಿನ ಮುಂದಿನ ಫ್ಯಾನಿನ ಅಗಲ ಸುಮಾರು 68 ಇಂಚು. ನಿಯೋದ ಲೀಪ್ ಎಂಜಿನ್ನಿನದು 78 ಇಂಚು, ಪ್ರ್ಯಾಟ್ ಅಂಡ್ ವಿಟ್ನಿಯ ಎಂಜಿನ್ನಿನದು 81 ಇಂಚು. ಒಮ್ಮೆ ಹೋಲಿಸಿ ನೋಡಿದರೆ ಮರೆಯಲಾಗದಷ್ಟು ಎದ್ದು ಕಾಣುವ ವ್ಯತ್ಯಾಸ ಅದು. ಮ್ಯಾಕ್ಸ್ ಗುರುತಿಸಲು ಎಂಜಿನ್ ಕವಚದ ಹಿಂದಿನ ಅಂಚನ್ನು ನೋಡಬೇಕು, ಅಲ್ಲಿ ಗರಗಸದ ಹಲ್ಲಿನಂತಹ ಕಚ್ಚುಗಳಿರುತ್ತವೆ. ರೆಕ್ಕೆಯ ತುದಿ ಎರಡಾಗಿ ಸೀಳಿರುವುದನ್ನು ಮಾತ್ರ ನಂಬಬೇಡಿ, ಕೆಲವು ಹಳೆಯ 737ಗಳಿಗೂ ಅಂತಹ ತುದಿಯನ್ನು ಆಮೇಲೆ ಜೋಡಿಸಲಾಗಿದೆ.

ಇದಕ್ಕೆ ಮೊದಲು ಏನು ಹಾರಿಸುತ್ತಿದ್ದಿರಿ ಎಂದು ಕೇಳಿ

ಹೊಸದರ ಬಗ್ಗೆ ಪೈಲಟ್ ಆಡುವ ಮಾತು ಹಳೆಯದರ ಜೊತೆಗಿನ ಹೋಲಿಕೆ. ಆದ್ದರಿಂದ ಅವರು ಯಾವುದರಿಂದ ಬಂದರೆಂಬುದು ಗೊತ್ತಿಲ್ಲದೆ ಆ ಮಾತಿನ ತೂಕ ತಿಳಿಯುವುದಿಲ್ಲ. 737ರಲ್ಲಿ ಬೆಳೆದವರ ಕೈಗೆ ಎದುರಿಗಿನ ದೊಡ್ಡ ಹಿಡಿಕೆಯೂ ಮೂತಿಯ ಏರಿಳಿತ ಹೊಂದಿಸಲು ಪಕ್ಕದಲ್ಲಿ ತಿರುಗುವ ಟ್ರಿಮ್ ಚಕ್ರವೂ ಅಭ್ಯಾಸವಾಗಿರುತ್ತವೆ, ಆಟೋಪೈಲಟ್ ಏನು ಮಾಡುತ್ತಿದೆ ಎಂಬುದು ಎಂಜಿನ್ನಿನ ಬಲ ಏರಿಸಿ ಇಳಿಸುವ ಸನ್ನೆಕೋಲು, ಅಂದರೆ ಥ್ರಾಟಲ್, ಕದಲುವುದರಿಂದಲೇ ಅವರಿಗೆ ತಿಳಿಯುತ್ತದೆ. ಎ320ಯಲ್ಲಿ ಹಿಡಿಕೆ ಪಕ್ಕದಲ್ಲಿರುವ ಸಣ್ಣ ಕೋಲು. ಕಂಪ್ಯೂಟರ್ ಎಂಜಿನ್ನಿನ ಬಲವನ್ನು ಏರಿಸಿ ಇಳಿಸಿದರೂ ಥ್ರಾಟಲ್ ಸನ್ನೆಕೋಲು ಇಟ್ಟಲ್ಲೇ ಇರುತ್ತದೆ. ಎ320ಯಿಂದ 737ಕ್ಕೆ ಹೋದವರ ದೂರು ಇದಕ್ಕೆ ತಿರುಗುಮುರುಗು: ಕಾಕ್‌ಪಿಟ್ ಇಕ್ಕಟ್ಟು, ಗಾಳಿಯ ಸದ್ದು ಹೆಚ್ಚು, ಏನಾದರೂ ಕೆಟ್ಟಾಗ ಏರ್‌ಬಸ್‌ನಲ್ಲಿ ಪರದೆಯ ಮೇಲೆ ತಾನಾಗಿ ಬರುವ ಕ್ರಮಗಳ ಪಟ್ಟಿ ಇಲ್ಲಿಲ್ಲ. ಮ್ಯಾಕ್ಸ್‌ಗೆ ನಾಲ್ಕು ದೊಡ್ಡ ಹೊಸ ಪರದೆಗಳು ಬಂದರೂ ತಲೆಯ ಮೇಲಿನ ಸ್ವಿಚ್ಚುಗಳ ಫಲಕ 1967ರಲ್ಲಿ ಮೊದಲು ಹಾರಿದ 737ರ ವಂಶದ್ದೇ. ಈ ಎರಡೂ ಬಗೆಯ ದೂರು ಪ್ರಾಮಾಣಿಕವಾದವು, ಮತ್ತು ಎರಡೂ ಬಹುಮಟ್ಟಿಗೆ ಅಭ್ಯಾಸದಿಂದ ಹುಟ್ಟಿದವು. ಹದಿನೆಂಟರ ಹುಡುಗನಿಗೆ ಅಂತಹ ಹಳೆಯ ಅಭ್ಯಾಸವೇ ಇಲ್ಲದಿರುವುದರಿಂದ ಆ ದೂರನ್ನು ಅವನು ಎರವಲು ಪಡೆದು ಹೊರುವ ಅಗತ್ಯವಿಲ್ಲ.

ಹಾಗೆಂದು ಅಭ್ಯಾಸದ ಮಾತನ್ನು ಹಗುರವಾಗಿ ಕಾಣುವಂತಿಲ್ಲ. 1990ರ ಫೆಬ್ರುವರಿ 14ರಂದು ಬೆಂಗಳೂರಿನಲ್ಲಿ ಇಳಿಯುತ್ತಿದ್ದ ಇಂಡಿಯನ್ ಏರ್‌ಲೈನ್ಸ್‌ನ ತೀರಾ ಹೊಸ ಎ320 ರನ್‌ವೇಗೆ ಮುಂಚೆಯೇ ನೆಲಕ್ಕಪ್ಪಳಿಸಿ 92 ಜನ ತೀರಿಕೊಂಡರು. ಅಂದು ಈ ಎ320ಯೇ ಹೊಸ ನ್ಯಾರೋಬಾಡಿ. ಕೊನೆಯ ಗಳಿಗೆಗಳಲ್ಲಿ ಎಂಜಿನ್‌ಗಳು ಕನಿಷ್ಠ ಬಲದಲ್ಲಿ ಉಳಿಯುವ ಸ್ಥಿತಿಯಲ್ಲಿ ವಿಮಾನವಿತ್ತು, ವೇಗ ಕುಸಿಯುತ್ತಿದ್ದುದು ಕಾಕ್‌ಪಿಟ್‌ನಲ್ಲಿದ್ದವರ ಗಮನಕ್ಕೆ ಬಂದಾಗ ಹೊತ್ತು ಮೀರಿತ್ತು. ತನಿಖೆ ಪೈಲಟ್‌ಗಳ ಲೋಪವನ್ನು ಎತ್ತಿ ತೋರಿಸಿತು. ಆದರೆ ಯಂತ್ರ ಏನು ಮಾಡುತ್ತಿದೆ ಎಂಬುದನ್ನು ಕೈಗೆ ತಿಳಿಸದ ವಿಮಾನ ಎಂದು ಆ ಕಾಲದ ಪೈಲಟ್‌ಗಳು ಎತ್ತಿದ ಆಕ್ಷೇಪವನ್ನು ನಾನು ಇಂದಿಗೂ ಗೌರವದಿಂದ ಕಾಣುತ್ತೇನೆ. ಹೊಸ ವಿಮಾನಕ್ಕೆ ಬದಲಾಗುವ ಮೊದಲ ತಿಂಗಳುಗಳಲ್ಲಿ ಪೈಲಟ್ ಹೇಳುವ ಮಾತು ಅತಿ ಬೆಲೆಯುಳ್ಳದ್ದು, ಏಕೆಂದರೆ ಎರಡರ ನಡುವಣ ಅಂತರ ಅವರ ಕೈಯಲ್ಲಿ ಇನ್ನೂ ಹಸಿಯಾಗಿರುತ್ತದೆ.

ದೂರು ಎಂಜಿನ್ನಿನದೋ, ರೆಕ್ಕೆಯದೋ ಎಂದು ಬೇರ್ಪಡಿಸಿ

ನಿಯೋ ಹಾರಿಸುವವರಿಂದ ನಾನು ಕೇಳಿದ ಮಾತುಗಳಲ್ಲಿ ಹೆಚ್ಚಿನವು ಎಂಜಿನ್ನಿಗೆ ಸೇರಿದವು. ಹಳೆಯ ಎಂಜಿನ್‌ಗೆ ಹೋಲಿಸಿದರೆ ಹೊಸವು ಸುಮಾರು ಶೇಕಡಾ 15ರಷ್ಟು ಇಂಧನ ಉಳಿಸುತ್ತವೆ, ಸದ್ದೂ ಬಹಳ ಕಡಿಮೆ. ಇದನ್ನು ಎಲ್ಲರೂ ಮೆಚ್ಚುತ್ತಾರೆ. ಆದರೆ ಸ್ಟಾರ್ಟ್ ಮಾಡುವಾಗ ಕಾಯಬೇಕು. ನಿಲ್ಲಿಸಿದ ಎಂಜಿನ್ನಿನೊಳಗೆ ಬಿಸಿ ಮೇಲಕ್ಕೆ ಸೇರುವುದರಿಂದ ಒಳಗಿನ ತಿರುಗುವ ದಂಡದ ಮೇಲ್ಮಗ್ಗುಲು ಕೆಳಮಗ್ಗುಲಿಗಿಂತ ಹೆಚ್ಚು ಕಾದು, ಕುಲುಮೆಯಲ್ಲಿ ಒಂದೇ ಕಡೆ ಕಾದ ಸಲಾಕೆಯಂತೆ, ಕೂದಲೆಳೆಯಷ್ಟು ಬಾಗುತ್ತದೆ. ಹಾಗೆಯೇ ವೇಗವಾಗಿ ತಿರುಗಿಸಿದರೆ ಬ್ಲೇಡುಗಳ ತುದಿ ಕವಚಕ್ಕೆ ಉಜ್ಜುತ್ತದೆ. ಆದ್ದರಿಂದ ಇಂಧನ ಹೊತ್ತಿಸುವ ಮೊದಲು ದಂಡವನ್ನು ನಿಧಾನವಾಗಿ ತಿರುಗಿಸಿ ಬಿಸಿಯನ್ನು ಸಮ ಮಾಡಿಕೊಳ್ಳಬೇಕು. ಮೊದಮೊದಲು ಪ್ರ್ಯಾಟ್ ಎಂಜಿನ್‌ಗೆ ಈ ಕೆಲಸ ಕೆಲವು ನಿಮಿಷಗಳನ್ನೇ ನುಂಗುತ್ತಿತ್ತು, ಬಳಿಕ ಸುಧಾರಣೆಗಳಿಂದ ಕಡಿಮೆಯಾಯಿತು. ಬಂದ ವಿಮಾನ ಅರ್ಧ ಗಂಟೆಯೊಳಗೆ ಮತ್ತೆ ಹೊರಡಬೇಕೆನ್ನುವ ವೇಳಾಪಟ್ಟಿಯಲ್ಲಿ ಆ ನಿಮಿಷಗಳು ಪೈಲಟ್‌ನ ತಲೆಯ ಮೇಲೇ ಬೀಳುತ್ತವೆ. ಆದರೂ ಇದು ಸುರಕ್ಷತೆಯ ದೋಷವಲ್ಲ. ಹೇಳುವವರ ದನಿಯಲ್ಲಿ ಬೇಸರವಿರುತ್ತದೆ, ಕೇಳುವವರು ಅದನ್ನು ಭಯವೆಂದು ಬಗೆಯುತ್ತಾರೆ. ಇಂತಹ ಕಡೆ "ಇದರಿಂದ ಅಪಾಯವೋ, ತಡವೋ?" ಎಂದು ನೇರವಾಗಿ ಕೇಳಿಬಿಡಬೇಕು.

ಎರಡನೆಯ ಮಾತು "ನಿಯೋ ಕೆಳಗಿಳಿಯಲು ಒಪ್ಪುವುದಿಲ್ಲ" ಎಂಬುದು. ಇದರಲ್ಲಿ ಎಂಜಿನ್ ಮತ್ತು ರೆಕ್ಕೆ ಎರಡೂ ಸೇರಿವೆ. ಕನಿಷ್ಠ ಬಲಕ್ಕೆ ಇಳಿಸಿದಾಗಲೂ ಹೊಸ ಎಂಜಿನ್ ಸ್ವಲ್ಪ ಹೆಚ್ಚು ತಳ್ಳುತ್ತದೆ, ತುದಿ ಮೇಲಕ್ಕೆ ಬಾಗಿದ ರೆಕ್ಕೆ ಗಾಳಿಯಲ್ಲಿ ಹೆಚ್ಚು ಸಲೀಸಾಗಿ ತೇಲುತ್ತದೆ, ಹೀಗಾಗಿ ವೇಗ ಕರಗಿಸಲು ಹೆಚ್ಚು ದೂರ ಬೇಕಾಗುತ್ತದೆ. ಪೈಲಟ್‌ಗಳ ಕೈಲೆಕ್ಕದ ಪ್ರಕಾರ 300 ಅಡಿ ಎತ್ತರ ಕಳೆದುಕೊಳ್ಳಲು ಒಂದು ನಾಟಿಕಲ್ ಮೈಲಿ, ಅಂದರೆ 1.85 ಕಿಲೋಮೀಟರ್, ಬೇಕು. 36,000 ಅಡಿಯಲ್ಲಿ ಬರುತ್ತಿರುವ ವಿಮಾನ ಸಮುದ್ರಮಟ್ಟದಿಂದ 3,000 ಅಡಿ ಎತ್ತರದ ಬೆಂಗಳೂರಿಗೆ ಇಳಿಯಲು ಸುಮಾರು 200 ಕಿಲೋಮೀಟರ್ ಮೊದಲೇ ಇಳಿತ ಆರಂಭಿಸಬೇಕೆಂದಾಯಿತು. ದೆಹಲಿಯಿಂದ ಬರುವ ವಿಮಾನಕ್ಕೆ ಅದು ಹೆಚ್ಚುಕಡಿಮೆ ಬಳ್ಳಾರಿಯ ಅಕ್ಷಾಂಶ ದಾಟಿದ ಕೂಡಲೇ. ನನ್ನ ವಿದ್ಯಾರ್ಥಿಯೊಬ್ಬ, ಗಂಗಾವತಿ ಕಡೆಯವನು, "ಸರ್, ಸಿಇಒದಲ್ಲಿ ನಮ್ಮೂರು ದಾಟಿದ ಮೇಲೆ ಯೋಚನೆ ಮಾಡಿದರೂ ನಡೆಯುತ್ತಿತ್ತು, ನಿಯೋದಲ್ಲಿ ನಮ್ಮೂರು ಬರುವ ಮುಂಚೆಯೇ ಲೆಕ್ಕ ಮುಗಿಸಿರಬೇಕು" ಎಂದು ಹೇಳಿದ್ದ. ಇದು ದೂರಿನಂತೆ ಕೇಳಿದರೂ ನಿಜವಾಗಿ ಕೆಲಸದ ಕ್ರಮ ಬದಲಾದದ್ದರ ವರ್ಣನೆ.

ಮೂರನೆಯದು ಬಿಸಿಲಿನ ಮಾತು, ನಮ್ಮ ಭಾಗದವರಿಗೆ ಎಲ್ಲಕ್ಕಿಂತ ಬೇಗ ಅರ್ಥವಾಗುವಂಥದ್ದು. ಏಪ್ರಿಲ್ ಮೇ ತಿಂಗಳಲ್ಲಿ ರಾಯಚೂರು, ಬಳ್ಳಾರಿಗಳಲ್ಲಿ 40 ಡಿಗ್ರಿ ದಾಟುವುದು ಸಾಮಾನ್ಯ. ಗಾಳಿ ಕಾದಷ್ಟೂ ತೆಳುವಾಗುತ್ತದೆ, ರೆಕ್ಕೆಗೆ ಸಿಗುವ ಆಧಾರ ಕಡಿಮೆಯಾಗುತ್ತದೆ, ಎಂಜಿನ್ ಒಳಗೆಳೆದುಕೊಳ್ಳುವ ಗಾಳಿಯ ತೂಕವೂ ಇಳಿಯುತ್ತದೆ. ತಂಪಾದ ದಿನ, ಉದ್ದ ರನ್‌ವೇ, ಹಗುರವಾದ ತೂಕ ಇದ್ದಾಗ ಪೈಲಟ್‌ಗಳು ಎಂಜಿನ್ನಿನ ಪೂರ್ತಿ ಬಲವನ್ನು ಬಳಸುವುದೇ ಇಲ್ಲ. ಹೊರಗೆ 25 ಡಿಗ್ರಿ ಇದ್ದರೂ 50 ಡಿಗ್ರಿ ಇದೆಯೆಂದು ಕಂಪ್ಯೂಟರಿಗೆ ಹೇಳಿ, ಆ ಬಿಸಿಗೆ ತಕ್ಕ ಕಡಿಮೆ ಬಲದಲ್ಲಿ ಮೇಲೇರುತ್ತಾರೆ. ಎಂಜಿನ್ನಿನ ಆಯುಸ್ಸು ಉಳಿಸುವ ಈ ಉಪಾಯಕ್ಕೆ ಏರ್‌ಬಸ್‌ನವರ ಮಾತಿನಲ್ಲಿ ಫ್ಲೆಕ್ಸ್ ಎಂದು ಹೆಸರು. ನಿಜವಾಗಿಯೇ 42 ಡಿಗ್ರಿ ಇದ್ದ ದಿನ ಈ ಉಳಿತಾಯಕ್ಕೆ ಆಸ್ಪದ ಬಹಳ ಕಿರಿದಾಗುತ್ತದೆ. ಹೊಸ ಎಂಜಿನ್‌ಗಳು ಇಂಧನ ಉಳಿಸುವುದೇ ಒಳಗಿನ ಬಿಸಿಯನ್ನು ಹೆಚ್ಚಿಸಿಕೊಂಡು. ಹೀಗಾಗಿ ಬಿಸಿಲು ಮತ್ತು ಧೂಳಿನ ನಾಡುಗಳಲ್ಲಿ ಅವುಗಳ ಟರ್ಬೈನ್ ಬ್ಲೇಡುಗಳು ಹಳೆಯ ಸಿಎಫ್‌ಎಂ56ರ ಬ್ಲೇಡುಗಳಿಗಿಂತ ಬೇಗ ಸವೆದವು, ಭಾರತ ಮತ್ತು ಕೊಲ್ಲಿ ದೇಶಗಳ ಕಂಪನಿಗಳು ಇದನ್ನು ಮೊದಲು ಅನುಭವಿಸಿದವು. ಸಂಡೂರಿನ ಅದಿರು ಸಾಗಿಸುವ ಲಾರಿಗೂ ಮಲೆನಾಡಿನಲ್ಲಿ ಓಡುವ ಲಾರಿಗೂ ಏರ್ ಫಿಲ್ಟರ್ ಒಂದೇ ಕಾಲ ಬಾಳುವುದಿಲ್ಲವೆಂಬುದು ನಮ್ಮ ಚಾಲಕರಿಗೆ ಗೊತ್ತು. ಯೂರೋಪಿನ ಪೈಲಟ್ ಒಬ್ಬ ನಿಯೋವನ್ನು ಹೊಗಳಿದ್ದನ್ನು ಓದಿದಾಗ ಅವನು ಹಾರಿಸುವುದು ಯಾವ ಹವೆಯಲ್ಲಿ ಎಂಬುದನ್ನೂ ಜೊತೆಗೇ ಓದಿಕೊಳ್ಳಿ.

ಇನ್ನು ಒಂದು ಬಗೆಯ ಕೋಪ ಕಾಕ್‌ಪಿಟ್‌ನಿಂದ ಹುಟ್ಟಿದ್ದಲ್ಲ, ಸಂಬಳದಿಂದ ಹುಟ್ಟಿದ್ದು. 2023ರ ಜುಲೈನಲ್ಲಿ ಪ್ರ್ಯಾಟ್ ಎಂಜಿನ್‌ಗಳ ಟರ್ಬೈನ್ ಡಿಸ್ಕ್ ತಯಾರಿಕೆಗೆ ಬಳಸಿದ ಲೋಹದ ಪುಡಿಯಲ್ಲಿ ಕಲ್ಮಶವಿತ್ತೆಂಬುದು ಬಹಿರಂಗವಾಗಿ, ತಪಾಸಣೆಗಾಗಿ ಲೋಕದಾದ್ಯಂತ ನೂರಾರು ವಿಮಾನಗಳು ನೆಲದಲ್ಲಿ ನಿಂತವು. ಅದಕ್ಕೆ ಎರಡು ತಿಂಗಳು ಮೊದಲು, ಎಂಜಿನ್‌ಗಳು ಸಕಾಲಕ್ಕೆ ಸಿಗದ್ದನ್ನು ಕಾರಣವಾಗಿ ಹೇಳಿ, ಗೋ ಫಸ್ಟ್ ತನ್ನ ಹಾರಾಟವನ್ನೇ ನಿಲ್ಲಿಸಿತ್ತು. ಕೆಲಸ ಕಳೆದುಕೊಂಡ ಪೈಲಟ್ ಆ ಎಂಜಿನ್ನನ್ನು ಬೈದರೆ ಅವರ ನೋವು ನ್ಯಾಯವಾದದ್ದು. ಅದನ್ನು ನಿಮ್ಮ ಟಿಪ್ಪಣಿಯಲ್ಲಿ ಉದ್ಯೋಗದ ಕಾಲಂನಲ್ಲಿ ಬರೆದುಕೊಳ್ಳಿ, ಹಾರಾಟದ ಗುಣದ ಕಾಲಂನಲ್ಲಿ ಬೇಡ.

ಮ್ಯಾಕ್ಸ್ ಬಗ್ಗೆ ಕೇಳುವಾಗ ವರ್ಷ ಕೇಳಿ

2018ರ ಅಕ್ಟೋಬರ್ 29ರಂದು ಇಂಡೋನೇಷ್ಯಾದಲ್ಲಿ, 2019ರ ಮಾರ್ಚ್ 10ರಂದು ಇಥಿಯೋಪಿಯಾದಲ್ಲಿ ಎರಡು ಮ್ಯಾಕ್ಸ್ ವಿಮಾನಗಳು ಬಿದ್ದು ಒಟ್ಟು 346 ಜನ ಸತ್ತರು. ನೆಲಕ್ಕೆ ಹತ್ತಿರವಾಗಿ ಕೂರುವ 737ರ ರೆಕ್ಕೆಯಡಿ ದೊಡ್ಡ ಎಂಜಿನ್ ಹಿಡಿಸಲು ಅದನ್ನು ಮುಂದಕ್ಕೂ ಮೇಲಕ್ಕೂ ಸರಿಸಲಾಗಿತ್ತು. ಅದರಿಂದ ಕೆಲವು ಸ್ಥಿತಿಗಳಲ್ಲಿ ಮೂತಿ ಮೇಲಕ್ಕೇಳುವ ಒಲವು ಬಂದದ್ದನ್ನು ಸರಿದೂಗಿಸಲು ಎಂಕ್ಯಾಸ್ ಎಂಬ ತಂತ್ರಾಂಶ ಸೇರಿಸಲಾಗಿತ್ತು. ಅದು ಒಂದೇ ಸಂವೇದಕದ ಮಾತು ನಂಬಿ ಮೂತಿಯನ್ನು ಮತ್ತೆ ಮತ್ತೆ ಕೆಳಕ್ಕೆ ದೂಡಿತು. ಪೈಲಟ್‌ಗಳನ್ನು ಎಲ್ಲಕ್ಕಿಂತ ಕೆರಳಿಸಿದ ಸಂಗತಿಯೆಂದರೆ ಇಂತಹದೊಂದು ಇದೆಯೆಂಬುದೇ ಅವರ ಕೈಪಿಡಿಯಲ್ಲಿ ಇರಲಿಲ್ಲ. 2009ರಲ್ಲಿ ಎ320 ವಿಮಾನವನ್ನು ಹಡ್ಸನ್ ನದಿಯ ಮೇಲೆ ಇಳಿಸಿದ್ದ ಕ್ಯಾಪ್ಟನ್ ಸಲ್ಲೆನ್‌ಬರ್ಗರ್ 2019ರ ಜೂನ್‌ನಲ್ಲಿ ಅಮೆರಿಕದ ಸಂಸತ್ ಸಮಿತಿಯ ಮುಂದೆ ಹಾಜರಾಗಿ, ತಾವೇ ಸಿಮ್ಯುಲೇಟರ್ ಎಂಬ ನೆಲದ ಮೇಲಿನ ಅಣಕು ಕಾಕ್‌ಪಿಟ್‌ನಲ್ಲಿ ಆ ಪರಿಸ್ಥಿತಿಯನ್ನು ಅನುಭವಿಸಿ ನೋಡಿದ ಮೇಲೆ ಆ ಪೈಲಟ್‌ಗಳಿಗೆ ಒದಗಿದ ಕಷ್ಟ ಎಂಥದ್ದೆಂದು ವಿವರಿಸಿದರು.

ಆಮೇಲೆ ತಂತ್ರಾಂಶ ಎರಡೂ ಸಂವೇದಕಗಳನ್ನು ಹೋಲಿಸುವಂತೆ, ಒಮ್ಮೆ ಮಾತ್ರ ಕೆಲಸ ಮಾಡುವಂತೆ ಬದಲಾಯಿತು. ಪೈಲಟ್‌ಗಳಿಗೆ ಸಿಮ್ಯುಲೇಟರ್ ತರಬೇತಿ ಕಡ್ಡಾಯವಾಯಿತು. ಅಮೆರಿಕ 2020ರ ನವೆಂಬರ್‌ನಲ್ಲಿ, ನಮ್ಮ ದೇಶದ ವಿಮಾನಯಾನ ನಿಯಂತ್ರಣ ಸಂಸ್ಥೆ ಡಿಜಿಸಿಎ 2021ರ ಆಗಸ್ಟ್‌ನಲ್ಲಿ ಮತ್ತೆ ಹಾರಲು ಅನುಮತಿ ಕೊಟ್ಟವು. ಆದ್ದರಿಂದ ಮ್ಯಾಕ್ಸ್ ಬಗ್ಗೆ ಪೈಲಟ್ ಒಬ್ಬರ ಅಭಿಪ್ರಾಯ ಕೇಳಿದಾಗ, ಅದು ಈ ಬದಲಾವಣೆಗೆ ಮುಂಚಿನದೋ ಅನಂತರದ್ದೋ, ಅವರು ಹೊಸ ಸಿಮ್ಯುಲೇಟರ್ ತರಬೇತಿ ಮಾಡಿದ್ದಾರೋ ಇಲ್ಲವೋ ಎಂದು ವಿಚಾರಿಸಿ. ವಿಮಾನದ ಮೇಲಿನ ಅಪನಂಬಿಕೆಯನ್ನೂ ತಯಾರಕರ ಮೇಲಿನ ಅಪನಂಬಿಕೆಯನ್ನೂ ಬೇರೆಬೇರೆಯಾಗಿ ಬರೆದುಕೊಳ್ಳಿ. ಎರಡನೆಯದು ಇನ್ನೂ ಮಾಸಿಲ್ಲ, ಅದಕ್ಕೆ ಕಾರಣವೂ ಇದೆ: 2024ರ ಜನವರಿ 5ರಂದು ಅಲಾಸ್ಕಾ ಏರ್‌ಲೈನ್ಸ್‌ನ ಮ್ಯಾಕ್ಸ್ 9ರ ಗೋಡೆಯಲ್ಲಿ ಬಾಗಿಲಿನ ಜಾಗವನ್ನು ಮುಚ್ಚಿದ್ದ ಫಲಕ ಆಕಾಶದಲ್ಲಿ ಕಿತ್ತುಹೋದಾಗ ಕಾಕ್‌ಪಿಟ್ ಬಾಗಿಲೂ ತಾನಾಗಿ ತೆರೆದುಕೊಂಡಿತು. ಗಾಳಿಯ ಒತ್ತಡ ಕುಸಿದರೆ ಅದು ಹಾಗೆ ತೆರೆಯುವಂತೆಯೇ ರಚಿತವಾಗಿದೆ ಎಂಬುದು ಆ ಪೈಲಟ್‌ಗಳಿಗೆ ಗೊತ್ತೇ ಇರಲಿಲ್ಲ.

ಎ320 ಮನೆತನದ್ದೇ ಆದ ಎ321ರ ಬಗ್ಗೆ ಒಂದೇ ಮಾತು ಸಾಕು. ಅದು ಎ320ಗಿಂತ ಸುಮಾರು 7 ಮೀಟರ್ ಉದ್ದ, ಮೂತಿಯನ್ನು ಸ್ವಲ್ಪ ಹೆಚ್ಚು ಎತ್ತಿದರೂ ಬಾಲ ರನ್‌ವೇಗೆ ತಾಗುತ್ತದೆ. 2023ರಲ್ಲಿ ಆರು ತಿಂಗಳ ಅವಧಿಯಲ್ಲಿ ಒಂದೇ ಭಾರತೀಯ ಕಂಪನಿಯ ಎ321 ವಿಮಾನಗಳಲ್ಲಿ ಹೀಗೆ ನಾಲ್ಕು ಬಾರಿ ಆಗಿ ಡಿಜಿಸಿಎ 30 ಲಕ್ಷ ರೂಪಾಯಿ ದಂಡ ಹಾಕಿತು. ಎ320ಯಿಂದ ಎ321ಕ್ಕೆ ಹೋದ ಪೈಲಟ್ ಎಚ್ಚರಿಕೆಯ ಮಾತಾಡಿದರೆ ಅದನ್ನು ಅಕ್ಷರಶಃ ತೆಗೆದುಕೊಳ್ಳಿ.

ಹಣದ ತೀರ್ಮಾನಕ್ಕೆ ಬಂದಾಗ

ಪೋಷಕರು ನನ್ನನ್ನು ಕಟ್ಟಕಡೆಗೆ ಕೇಳುವುದು ಟೈಪ್ ರೇಟಿಂಗ್ ವಿಷಯವನ್ನೇ. ಒಂದು ಬಗೆಯ ವಿಮಾನವನ್ನು ಹಾರಿಸಲು ಪರವಾನಗಿಯಲ್ಲಿ ಬರೆಸಿಕೊಳ್ಳುವ ಅರ್ಹತೆ ಅದು, ಸಿಮ್ಯುಲೇಟರ್ ಬಾಡಿಗೆಯ ಕಾರಣದಿಂದ ಬಹಳ ದುಬಾರಿ. ಹಳೆಯ ವಿಮಾನಗಳು ಹೋದ ಮೇಲೆ ಆ ರೇಟಿಂಗ್ ವ್ಯರ್ಥವಾಗುವುದೇ ಎಂಬ ಭಯ ಬೇಡ. ಎ320 ಸಿಇಒ ಮತ್ತು ನಿಯೋ ಎರಡಕ್ಕೂ ಒಂದೇ ರೇಟಿಂಗ್, 737 ಎನ್‌ಜಿ ಮತ್ತು ಮ್ಯಾಕ್ಸ್ ಎರಡಕ್ಕೂ ಒಂದೇ ರೇಟಿಂಗ್, ನಡುವಣ ವ್ಯತ್ಯಾಸಕ್ಕೆ ಪ್ರತ್ಯೇಕ ಕಿರು ತರಬೇತಿ ಇರುತ್ತದೆ. ಬೇರೆ ಮನೆತನದ ವಿಮಾನಗಳಾದ ಎ220, ಎಂಬ್ರೇಯರ್, ಎಟಿಆರ್‌ಗಳಿಗೆ ಮಾತ್ರ ಬೇರೆ ಬೇರೆ ರೇಟಿಂಗ್ ಬೇಕು. 200 ಗಂಟೆ ಹಾರಾಟ ಮುಗಿಸಿ ವಾಣಿಜ್ಯ ಪೈಲಟ್ ಪರವಾನಗಿ ಕೈಗೆ ಬಂದ ಮೇಲೆ, ಯಾವ ಕಂಪನಿ ಕರೆಯುತ್ತಿದೆ ಎಂಬುದು ಗೊತ್ತಾಗುವ ತನಕ ಟೈಪ್ ರೇಟಿಂಗ್‌ಗೆ ಹಣ ಕಟ್ಟಬೇಡಿ ಎಂಬುದು ನನ್ನ ಬಲವಾದ ಸಲಹೆ. ಯಾರೋ ಪೈಲಟ್ ಏರ್‌ಬಸ್ಸೇ ಮೇಲು ಎಂದರೆಂದು ಅವಸರದಲ್ಲಿ ರೇಟಿಂಗ್ ಮಾಡಿಸಿ, ಕೆಲಸ ಸಿಗದೆ, ಸಾಲದ ಬಡ್ಡಿ ಕಟ್ಟುತ್ತಾ ಕೂತ ಮನೆಯನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಪೈಲಟ್‌ಗಳನ್ನು ಮಾತನಾಡಿಸುವಾಗ "ಯಾವುದು ಒಳ್ಳೆಯದು ಸರ್?" ಎಂದು ಕೇಳಿದರೆ ಯಾವ ಉಪಯೋಗವೂ ಆಗದು. ಕಳೆದ ಸಿಮ್ಯುಲೇಟರ್ ಪರೀಕ್ಷೆಯಲ್ಲಿ ಯಾವ ದೋಷವನ್ನು ನಿಭಾಯಿಸುವುದು ಕಷ್ಟವಾಯಿತು, ಹೊಸ ವಿಮಾನಕ್ಕೆ ಬಂದ ಮೇಲೆ ಯಾವ ಹಳೆಯ ರೂಢಿಯನ್ನು ಬಿಡಬೇಕಾಯಿತು, ಬೇಸಿಗೆಯ ಮಧ್ಯಾಹ್ನ ಯಾವ ನಿಲ್ದಾಣದಿಂದ ಹೊರಡುವಾಗ ಲೆಕ್ಕ ಬಿಗಿಯಾಗುತ್ತದೆ ಎಂದು ಕೇಳಿ. ಡ್ಯೂಟಿ ಮುಗಿಸಿ ದಣಿದು ಬಂದವರನ್ನು ನಿಲ್ದಾಣದಲ್ಲೇ ಹಿಡಿದು ನಿಲ್ಲಿಸಬೇಡಿ, ಅವರ ಬಿಡುವಿನ ದಿನ ಕೇಳಿ ಹೋಗಿ. ಒಬ್ಬರ ಮಾತಿಗೆ ನಿಲ್ಲದೆ ಕನಿಷ್ಠ ನಾಲ್ವರನ್ನು ಕೇಳಿ, ಅವರಲ್ಲಿ ಇಬ್ಬರಾದರೂ ಹಳೆಯ ವಿಮಾನ ಹಾರಿಸಿದವರಾಗಿರಲಿ.

ಹೋದ ವರ್ಷ ಕೊಪ್ಪಳದ ಹುಡುಗಿಯೊಬ್ಬಳು ಹೀಗೆಯೇ ನಾಲ್ವರನ್ನು ಮಾತನಾಡಿಸಿ ಟಿಪ್ಪಣಿ ತಂದಿದ್ದಳು. ನಿಯೋ ಬೇಗ ಕೆಳಗಿಳಿಯುವುದಿಲ್ಲ ಎಂದ ಇಬ್ಬರೂ ಸಿಇಒದಿಂದ ಬಂದವರಾಗಿದ್ದರು. ನಿಯೋದಲ್ಲೇ ವೃತ್ತಿ ಆರಂಭಿಸಿದ್ದ ಇನ್ನಿಬ್ಬರು ಆ ವಿಷಯವನ್ನೇ ಎತ್ತಿರಲಿಲ್ಲ. ಎಂಜಿನ್ ಸ್ಟಾರ್ಟ್ ಆಗುವ ತನಕ ಕಾಯಬೇಕಾಗುತ್ತದೆ ಎಂಬುದನ್ನು ಮಾತ್ರ ನಾಲ್ವರೂ ಹೇಳಿದ್ದರು, ಅದರಿಂದ ಅಪಾಯವಿದೆ ಎಂದು ಒಬ್ಬರೂ ಹೇಳಿರಲಿಲ್ಲ. ಟಿಪ್ಪಣಿಯನ್ನು ಎರಡು ಸಲ ಓದಿದ ಅವಳ ತಂದೆ ವಿಮಾನದ ಮಾತನ್ನು ಬಿಟ್ಟು ವೈದ್ಯಕೀಯ ಪರೀಕ್ಷೆಯ ಬಗ್ಗೆ ವಿಚಾರಿಸಿದರು. ಮೊದಲು ಕ್ಲಾಸ್ 2, ಬಳಿಕ ಬೆಂಗಳೂರಿನ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಯಂತಹ ಮಾನ್ಯ ಕೇಂದ್ರದಲ್ಲಿ ಕ್ಲಾಸ್ 1 ಪರೀಕ್ಷೆ ಮಾಡಿಸಿ, ಅದು ಪಾಸಾದ ಮೇಲೆಯೇ ಬ್ಯಾಂಕಿಗೆ ಹೋಗಿ ಎಂದು ಅವರಿಗೆ ಹೇಳಿ ಕಳುಹಿಸಿದೆ.